ಮಣಿದವನ ಕ್ರಿಯಾಪದ

ಒಬ್ಬರು ಇನ್ನೊಬ್ಬರನ್ನು ತಮ್ಮ ಅಂಕೆಗೆ ತಂದುಕೊಳ್ಳುವುದನ್ನು ಹೇಳುವ ಅಚ್ಚಗನ್ನಡದ ಕ್ರಿಯಾಪದಗಳಲ್ಲಿ ಹಲವು, ಅಂದರೆ ಮಣಿಸು, ಬಗ್ಗಿಸು, ಸೋಲಿಸು, ಅಡಗಿಸು, ಪಳಗಿಸು ಮೊದಲಾದವು, ‘ಇಸು’ ಎಂಬ ಪ್ರತ್ಯಯದಿಂದ ಮುಗಿಯುತ್ತವೆ. ವ್ಯಾಕರಣಕಾರರು ಇದನ್ನು ಪ್ರೇರಣಾರ್ಥಕ ಪ್ರತ್ಯಯವೆಂದು ಕರೆಯುತ್ತಾರೆ. ಕೆಲಸವನ್ನು ತಾನು ಮಾಡದೆ ಮತ್ತೊಬ್ಬರಿಂದ ಮಾಡಿಸುವುದನ್ನು ಅದು ಸೂಚಿಸುತ್ತದೆ. ಹೀಗಾಗಿ ಈ ಪದಗಳಲ್ಲಿ ಮೂಲ ಧಾತು ಸೋತವನಿಗೆ ಸೇರಿದ್ದು: ಮಣಿಯುವವನು ಅವನು, ಬಗ್ಗುವವನು ಅವನು, ಅಡಗುವವನೂ ಅವನೇ, ಗೆದ್ದವನ ಪಾಲಿಗೆ ಬರುವುದು ಕೊನೆಯ ಎರಡಕ್ಷರ ಮಾತ್ರ. ತುಳಿ, ಮೆಟ್ಟು, ಹಿಡಿ ಎಂಬ ಪದಗಳು ಬಲಶಾಲಿಯ ಕೈಕಾಲುಗಳನ್ನೇ ಹೇಳುತ್ತವೆಂಬುದು ನಿಜ. ಆದರೆ ಅವು ಮೈಯನ್ನೋ ನೆಲವನ್ನೋ ಮುಟ್ಟಿ ನಿಲ್ಲುತ್ತವೆ, ಎದುರಾಳಿಯ ಮನಸ್ಸು ಏನಾಯಿತೆಂಬುದನ್ನು ಹೇಳುವುದಿಲ್ಲ.

ಈ ವ್ಯಾಕರಣದಲ್ಲಿ ಅಡಗಿರುವ ರಾಜಕೀಯ ಸತ್ಯವನ್ನು ಚನ್ನಗಿರಿ, ಹೊನ್ನಾಳಿ ಸೀಮೆಯ ಇತಿಹಾಸ ಚೆನ್ನಾಗಿ ತೋರಿಸುತ್ತದೆ. ಈಗಿನ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣ ಮತ್ತು ಸಂತೆಬೆನ್ನೂರುಗಳಲ್ಲಿ ಆಳಿದ ಪಾಳೆಯಗಾರರು (‘ಪಾಳೆಯ’ ಎಂದರೆ ದಂಡು ಇಳಿಯುವ ಬೀಡು, ಅದರ ಒಡೆಯ ಪಾಳೆಯಗಾರ) ಒಂದು ಕಡೆ ಬಿಜಾಪುರದ ಸೇನೆಗೂ ಇನ್ನೊಂದು ಕಡೆ ಕೆಳದಿಯ ನಾಯಕರಿಗೂ ಎದುರಾಗಿ ನೆಲ ಕಳೆದುಕೊಂಡು, ಕೊನೆಗೆ ತರೀಕೆರೆಗೆ ಹೋಗಿ ನೆಲೆಸಿದರು. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಚನ್ನಗಿರಿಗೆ ಈ ಹೆಸರು ಬಂದಿತೆಂಬುದು ಪ್ರಸಿದ್ಧವಾದ ಮಾತು. ಗೆದ್ದವರು ಊರಿಗೆ ಹೆಸರಾಗಿ ಉಳಿಯುವುದು ಹೀಗೆ. 1763ರಲ್ಲಿ ಹೈದರಾಲಿಯು ರಾಜಧಾನಿ ಬಿದನೂರನ್ನು ಹಿಡಿದಾಗ ಆ ಕೆಳದಿ ರಾಜ್ಯವೂ ಮುಗಿಯಿತು. 1779ರಲ್ಲಿ ಚಿತ್ರದುರ್ಗ ಅವನ ಕೈ ಸೇರಿತು. ಇಷ್ಟೆಲ್ಲ ಸಲ ಮಣಿಸಲ್ಪಟ್ಟ ಸೀಮೆ ಮಣಿದೇ ಉಳಿಯಬೇಕಿತ್ತು. ಆದರೆ 1830–31ರಲ್ಲಿ ನಗರದ (ಅಂದರೆ ಬಿದನೂರು ಸೀಮೆಯ) ದಂಗೆ ಎದ್ದಾಗ ಹೊನ್ನಾಳಿ ಅದರ ಮುಖ್ಯ ನೆಲೆಗಳಲ್ಲೊಂದಾಗಿತ್ತು, ದಂಗೆಯ ಮುಂದಾಳು ಬೂದಿ ಬಸವಪ್ಪನ ಜೊತೆಗೆ ನಿಂತವರಲ್ಲಿ ಅದೇ ತರೀಕೆರೆಯ ಪಾಳೆಯಗಾರ ಮನೆತನದವರೂ ಇದ್ದರು. ದಂಗೆಯನ್ನು ಅಡಗಿಸಲಾಯಿತು, ಆದರೆ ಅದನ್ನೇ ಕಾರಣವಾಗಿ ಮುಂದಿಟ್ಟು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಅರಸರಿಂದ ತೆಗೆದುಕೊಂಡರು, 1881ರವರೆಗೆ ಹಿಂದಿರುಗಿಸಲಿಲ್ಲ. ಮಣಿಯುವುದು ಮಣಿಯುವವನ ಕ್ರಿಯೆಯಾದ್ದರಿಂದ ಅದನ್ನು ನಿಲ್ಲಿಸುವುದೂ ಅವನ ಕೈಯಲ್ಲೇ ಇರುತ್ತದೆ ಎಂಬುದನ್ನು ಗೆದ್ದವರು ಪ್ರತಿಸಲವೂ ಮರೆತಿದ್ದಾರೆ.

‘ಗೆಲ್ಲು’ ಎಂಬುದರ ದಾರಿಯೇ ಬೇರೆ. ಹಳಗನ್ನಡದ ‘ಗೆಲ್’ ಮತ್ತು ತಮಿಳಿನ ‘ವೆಲ್’ ಒಂದೇ ಬೇರಿನವು. ಆದರೆ ಕನ್ನಡದಲ್ಲಿ ಈ ಪದಕ್ಕೆ ಸೋತವನೊಬ್ಬ ಇರಲೇಬೇಕೆಂಬ ಕಡ್ಡಾಯವಿಲ್ಲ. ಕಾಯಿಲೆಯಿಂದ ಎದ್ದವರ ಮುಖ ಗೆಲುವಾಗುತ್ತದೆ, ಮಳೆ ಬಿದ್ದ ಮೇಲೆ ಪೈರು ಗೆಲುವಾಗುತ್ತದೆ. ಉಲ್ಲಾಸ, ಲವಲವಿಕೆ ಎಂಬ ಅರ್ಥ ‘ಗೆಲವು’ ಪದದೊಳಗೇ ಇದೆ. ಈ ಅರ್ಥವಿಸ್ತಾರವನ್ನು ಕಣ್ಣಾರೆ ಕಾಣಬೇಕಾದರೆ ದೀಪಾವಳಿಯ ನಂತರ ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ನಡೆಯುವ ಹೋರಿ ಹಬ್ಬವನ್ನು ನೋಡಬೇಕು. ಕೊಬ್ಬರಿ ಹಾರ, ಬಲೂನು, ಬಣ್ಣದ ಜೂಲುಗಳಿಂದ ಸಿಂಗರಿಸಿದ ಹೋರಿಯನ್ನು ಜನಸಂದಣಿಯ ನಡುವೆ ಓಡಲು ಬಿಡುತ್ತಾರೆ. ಅದನ್ನು ಹಿಡಿದು ಕೊಬ್ಬರಿ ಕೀಳಲು ಯುವಕರು ಮುನ್ನುಗ್ಗುತ್ತಾರೆ. ಯಾರ ಕೈಗೂ ಸಿಗದೆ ಓಡಿಹೋದ ಹೋರಿಯನ್ನು ಗೆದ್ದಿತೆಂದು ಹೊಗಳುತ್ತಾರೆ, ಅದಕ್ಕೆ ಬಿರುದಿನ ಹೆಸರಿಟ್ಟು ಅಭಿಮಾನಿ ಬಳಗವನ್ನೂ ಕಟ್ಟುತ್ತಾರೆ. ಅಧೀನವಾಗದೆ ಉಳಿದದ್ದನ್ನೇ ಗೆಲುವೆಂದು ಎಣಿಸುವ ಈ ಬಳಕೆ ಅರಮನೆಯ ಬಿರುದಾವಳಿಗಳಲ್ಲಿ ಸಿಗುವಂಥದ್ದಲ್ಲ. ಅದು ರೈತರ ಕೊಡುಗೆ, ಪದಕೋಶಗಳಲ್ಲಿ ದಾಖಲಾಗಲು ಅರ್ಹವಾದದ್ದು.

ಅದೇ ಹೋರಿಯನ್ನು ನೊಗಕ್ಕೆ ಹೂಡಬೇಕಾದಾಗ ರೈತನು ಬಳಸುವ ಪದ ‘ಪಳಗಿಸು’. ಪಳಗು ಎಂದರೆ ರೂಢಿಯಾಗು, ಒಡನಾಟದಿಂದ ಹೊಂದಿಕೊಳ್ಳು. ತಮಿಳಿನಲ್ಲಿ ಇಂದಿಗೂ ಜನರೊಡನೆ ಬೆರೆತು ಪರಿಚಯವಾಗುವುದಕ್ಕೆ ಇದೇ ಧಾತು ಬಳಕೆಯಲ್ಲಿದೆ, ಕನ್ನಡದಲ್ಲಿ ನುರಿತ ಕೆಲಸಗಾರನ ಕೈಯನ್ನು ‘ಪಳಗಿದ ಕೈ’ ಎನ್ನುತ್ತಾರೆ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ, ನ್ಯಾಮತಿ ಭಾಗದ ಕಾಡಾನೆ ಹಾವಳಿಯನ್ನು ತಡೆಯಲು ಅರಣ್ಯ ಇಲಾಖೆ ಕಾರ್ಯಾಚರಣೆ ನಡೆಸಿದಾಗ, ಕಾಡಾನೆಯ ಕುರಿತು ‘ಸೆರೆ’ ಎಂಬ ಪದವೂ ಅದನ್ನು ಹಿಡಿಯಲು ಬಂದ ಶಿಬಿರದ ಆನೆಗಳ ಕುರಿತು ‘ಪಳಗಿದ’ ಎಂಬ ಪದವೂ ಬಳಕೆಯಾದವು. ಸೆರೆ ಒಂದು ದಿನದಲ್ಲಿ ಮುಗಿಯುವ ಕೆಲಸ. ಪಳಗುವುದಕ್ಕೆ ತಿಂಗಳುಗಳು ಬೇಕು, ಮಾವುತನೂ ಆನೆಗೆ ಪಳಗಬೇಕು.

ಆಡಳಿತದ ಭಾಷೆಗೆ ಬಂದರೆ ಈ ಸೂಕ್ಷ್ಮವೆಲ್ಲ ಮರೆಯಾಗುತ್ತದೆ. ಅಲ್ಲಿ ಆಳುವ ಪದಗಳು ವಶ, ಅಧೀನ, ಸ್ವಾಧೀನ, ಜಪ್ತಿ. ಸಂಸ್ಕೃತದ ‘ವಶ’ಕ್ಕೆ ಮೂಲದಲ್ಲಿ ಇಚ್ಛೆ ಎಂಬ ಅರ್ಥವಿತ್ತು, ‘ಸ್ವಾಧೀನ’ವೆಂದರೆ ತನಗೆ ತಾನೇ ಅಧೀನವಾಗಿರುವುದು, ಅಂದರೆ ಪರರ ಹಂಗಿಲ್ಲದಿರುವುದು. ಲಕ್ವ ಹೊಡೆದವರ ಬಗ್ಗೆ ‘ಕೈಕಾಲು ಸ್ವಾಧೀನವಿಲ್ಲ’ ಎನ್ನುವ ಹಳ್ಳಿಯ ಮಾತಿನಲ್ಲಿ ಆ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಕಚೇರಿಯಲ್ಲಿ ಮಾತ್ರ ಅದು ತಲೆಕೆಳಗಾಗಿ, ಮತ್ತೊಬ್ಬರದನ್ನು ಸರ್ಕಾರ ಪಡೆಯುವ ‘ಭೂಸ್ವಾಧೀನ’ವಾಗಿದೆ. ಅರಬ್ಬಿಯಿಂದ ಬಂದ ‘ಅಮಲು’ ಕನ್ನಡದಲ್ಲಿ ಅಧಿಕಾರಕ್ಕೂ ಮತ್ತಿಗೂ ಒಂದೇ ಪದವಾಗಿ ನಿಂತಿರುವುದನ್ನೂ ಇಲ್ಲಿ ನೆನೆಯಬೇಕು. ಹಿಂದಿನ ಮೈಸೂರಿನಲ್ಲಿ ತಾಲ್ಲೂಕಿನ ಅಧಿಕಾರಿಯನ್ನು ಅಮಲ್ದಾರನೆಂದೇ ಕರೆಯುತ್ತಿದ್ದರು.

ಈ ಭೂಸ್ವಾಧೀನದ ಭಾಷೆಗೆ ಹತ್ತಿರದ ಉದಾಹರಣೆಯೊಂದಿದೆ: ಮಳೆ ಕಡಿಮೆಯಾದ ಜಗಳೂರಿಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಬೇಕೇ ಬೇಕು. ಕಾಲುವೆಗೆ ನೆಲವೂ ಬೇಕು. ಆದರೆ ‘ಸ್ವಾಧೀನಕ್ಕೆ ಪಡೆಯಲಾಗಿದೆ’ ಎಂಬ ಕರ್ಮಣಿ ವಾಕ್ಯದಲ್ಲಿ ಪಡೆದವರೂ ಕಾಣುವುದಿಲ್ಲ, ಬಿಟ್ಟುಕೊಟ್ಟವರೂ ಕಾಣುವುದಿಲ್ಲ. ಮಣಿಸು, ಬಗ್ಗಿಸು ಎಂಬ ಒರಟು ಪದಗಳಾದರೂ ಎದುರಿಗಿದ್ದವನೊಬ್ಬನನ್ನು ಒಪ್ಪಿಕೊಳ್ಳುತ್ತವೆ. ಕನ್ನಡದಲ್ಲಿ ಆಡಳಿತ ನಡೆಸುವವರು ತಮ್ಮ ನೋಟಿಸುಗಳಲ್ಲಿ ಸರ್ವೆ ನಂಬರಿನ ಜೊತೆಗೆ ‘ಇಂಥ ರೈತರು ಬಿಟ್ಟುಕೊಟ್ಟ ಭೂಮಿ’ ಎಂದು ಬರೆಯುವುದನ್ನು ರೂಢಿಗೆ ತರಬೇಕು; ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ವಾಕ್ಯವನ್ನು ತಿದ್ದಿದರೆ ಸಾಕು.