ಹಿಪ್ ಹಾಪ್ ಪದಗಳೂ ಕವಿಯ ಅಂಕಿತವೂ

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವು ಹುಟ್ಟಿತು. ವಿಧಿಪೂರ್ವಕವಾಗಿ ಓದದವರೂ ಕಾವ್ಯವನ್ನು ಕಟ್ಟಬಲ್ಲರೆಂದು ಅದು ಕನ್ನಡಿಗರನ್ನು ಕೊಂಡಾಡಿರುವದು ಸುಪ್ರಸಿದ್ಧವೇ. ಸೇಡಂ, ಚಿತ್ತಾಪುರ, ಚಿಂಚೋಳಿಗಳನ್ನೊಳಗೊಂಡ ಕಲಬುರ್ಗಿ ಸೀಮೆಯ ಗೀಗೀ ಮೇಳಗಳು ಆ ಮಾತನ್ನು ಸುಳ್ಳುಮಾಡಿಲ್ಲ. ಶಿವನು ಹೆಚ್ಚೆಂದು ಹರದೇಶಿಯವರು, ಶಕ್ತಿಯು ಹೆಚ್ಚೆಂದು ನಾಗೇಶಿಯವರು, ಡಪ್ಪು ತುಂತುಣಿಗಳೊಡನೆ ಬೆಳತನಕ ಸವಾಲು ಜವಾಬು ನಡೆಸುವರು. ಪದದ ಕಡೆಯ ನುಡಿಯಲ್ಲಿ ಕವಿಯ ಹೆಸರೂ ಊರೂ ಬರುವವು. ಅಕ್ಷರವಿಲ್ಲದ ಕವಿಗೆ ಈ ಅಂಕಿತವೇ ಹಕ್ಕುಪತ್ರ.

ಇಂಥದೇ ಸವಾಲಿನ ಪದಗಳು ಅಮೇರಿಕದ ನ್ಯೂಯಾರ್ಕ್ ಪಟ್ಟಣದ ಬ್ರಾಂಕ್ಸ್ ಭಾಗದಲ್ಲಿಯೂ ಹುಟ್ಟಿದವು. ಹೆದ್ದಾರಿಗಾಗಿ ಮನೆಗಳನ್ನು ಕೆಡವಿದ್ದ ಆ ಬಡಕೇರಿಯಲ್ಲಿ, 1973ನೆಯ ಆಗಸ್ಟ್ 11ರಂದು, ಜಮೇಕಾದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ತರುಣನು ಸೋದರಿಯು ಏರ್ಪಡಿಸಿದ ಕೂಟದಲ್ಲಿ ಗ್ರಾಮಫೋನು ತಟ್ಟೆಗಳನ್ನು ನುಡಿಸಿದನು. ಬರಿಯ ತಾಳವಿರುವ ತುಣುಕು ಬಂದಾಗಲೇ ಜನರು ಹೆಚ್ಚಾಗಿ ಕುಣಿಯುವದನ್ನು ಕಂಡು, ಒಂದೇ ಹಾಡಿನ ಎರಡು ತಟ್ಟೆಗಳಿಂದ ಅದನ್ನು ಬೇಕಾದಷ್ಟು ಹಿಗ್ಗಿಸುವ ಯುಕ್ತಿಯನ್ನು ಅವನು ಬಳಕೆಗೆ ತಂದನು. ಆ ತಾಳದ ಮೇಲೆ ಪ್ರಾಸದ ಮಾತು ಬೆಳೆಯಿತು. ಹುಡುಗರು ಬೀದಿಯಲ್ಲಿ ರಟ್ಟು ಹಾಸಿ ಕುಣಿದರು. (ಶಹಾಬಾದ, ವಾಡಿಗಳ ನುಣುಪು ಪರಸಿಕಲ್ಲು ಅವರಿಗೆಲ್ಲಿಯದು!)

ಆರು ವರ್ಷ ಈ ಕಲೆಯು ಬಾಯಲ್ಲಿಯೂ, ಕೈಯಿಂದ ಕೈಗೆ ಸಾಗುವ ಕ್ಯಾಸೆಟ್ಟುಗಳಲ್ಲಿಯೂ ಇದ್ದಿತು. 1979ರಲ್ಲಿ ಸಿಲ್ವಿಯಾ ರಾಬಿನ್ಸನ್ ಎಂಬವಳು ಮೂವರನ್ನು ಕೂಡಿಸಿ 'ರ‍್ಯಾಪರ್ಸ್ ಡಿಲೈಟ್' ಎಂಬ ತಟ್ಟೆಯನ್ನು ಹೊರಡಿಸಲು, ಅದು ದೇಶದೇಶಗಳಿಗೆ ಹಬ್ಬಿತು. ಆದರೆ ಆ ಮೂವರೊಳಗೆ ಹ್ಯಾಂಕ್ ಎಂಬವನು ಹಾಡಿದ ನುಡಿಗಳು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಎಂಬವನವು. ಕ್ಯಾಝನು ಮೊದಲು 'ಕ್ಯಾಸನೋವಾ ಫ್ಲೈ' ಎಂದು ಕರೆಯಿಸಿಕೊಳ್ಳುತ್ತಿದ್ದನು. ಹ್ಯಾಂಕನು ಆ ಹೆಸರನ್ನು ಸಹ ತೆಗೆಯದೆ, ಒಂದೊಂದೇ ಅಕ್ಷರವಾಗಿ, ತನ್ನದೆಂಬಂತೆ ಹಾಡಿಬಿಟ್ಟನು! ತಟ್ಟೆಯ ಮೇಲಿನ ಕರ್ತೃಗಳ ಸಾಲಿನಲ್ಲಿ ಮಾತ್ರ ಕ್ಯಾಝನಿಲ್ಲ. ಅಂಕಿತವು ಹಾಡಿನೊಳಗೆ ಉಳಿದು ಕವಿಯು ಹೊರಗಾದನು.

ಮುಂದೆ ತಟ್ಟೆಗಳೇ ಈ ಕಲೆಯ ಗ್ರಂಥಗಳಾದವು. ಬಡಕೇರಿಯ ಬಾಳನ್ನು ಮುಚ್ಚುಮರೆಯಿಲ್ಲದೆ ಹೇಳಿದ 1982ರ 'ದಿ ಮೆಸೇಜ್' ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶನ ಹೆಸರಿನಲ್ಲಿ ಬಂದರೂ, ಆ ಹಾಡಿನ ನುಡಿಗಳನ್ನು ಹಾಡಿದ ಕಂಠಗಳು ಮೆಲ್ಲಿ ಮೆಲ್, ಡ್ಯೂಕ್ ಬೂಟೀ ಇವರವು. 1994ರಲ್ಲಿ ನ್ಯಾಸ್ ಎಂಬ ಇಪ್ಪತ್ತು ವರ್ಷದವನು 'ಇಲ್ಮ್ಯಾಟಿಕ್' ಸಂಪುಟದ ಹೊದಿಕೆಯ ಮೇಲೆ ತನ್ನ ಬಾಲ್ಯದ ಮುಖವನ್ನೂ ತಾನು ಬೆಳೆದ ಕ್ವೀನ್ಸ್‌ಬ್ರಿಜ್ ಕೇರಿಯ ಕಟ್ಟಡಗಳನ್ನೂ ಒಂದರ ಮೇಲೊಂದು ಅಚ್ಚುಹಾಕಿಸಿದನು. ಹೆಸರೂ ಊರೂ ಕೂಡಿದ ಅಂಕಿತವೇ ಅದು. ಲಾರಿನ್ ಹಿಲ್ಲಳ 1998ರ ಸಂಪುಟವು ಗ್ರ್ಯಾಮಿ ಬಹುಮಾನವನ್ನೂ, ಕೆಂಡ್ರಿಕ್ ಲಾಮಾರನ 'ಡ್ಯಾಮ್' 2018ರಲ್ಲಿ ಪುಲಿಟ್ಝರ್ ಬಹುಮಾನವನ್ನೂ ಪಡೆದವು.

ಬೆಂಗಳೂರಿನ ಎಂ.ಸಿ. ಬಿಜ್ಜು, ಆಲ್ ಓಕೆ ಮೊದಲಾದವರು ಕನ್ನಡದಲ್ಲಿಯೇ ಇಂಥ ಪದಗಳನ್ನು ಕಟ್ಟಿರುವರು. ಗೀಗೀ ಮೇಳಗಳ ಹಾಡಿಕೆಯೂ ಈಗ ಮೊಬೈಲಿನಲ್ಲಿ ಸಂಚರಿಸುವದು; ಆದರೆ ಕಡೆಯ ನುಡಿ ಬರುವದಕ್ಕೆ ಮುಂಚೆಯೇ ಅಲ್ಲಿ ತುಣುಕನ್ನು ಕತ್ತರಿಸುವದುಂಟು.