ಮೆಕ್ಕೆಜೋಳ ಮತ್ತು ಸಣ್ಣ ಹಿಡುವಳಿ

ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೊದಲ್ಲಿ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಪಳಗಿ, ಕೊಲಂಬಸನ ಯಾನದ ನಂತರ ಹಳೆಯ ಜಗತ್ತಿಗೆ ಹರಡಿದ ಮೆಕ್ಕೆಜೋಳವು ದಾವಣಗೆರೆ, ಹಾವೇರಿ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಮುಖ್ಯ ಬೆಳೆಯಾದದ್ದು ತೀರ ಈಚಿನ ಸಂಗತಿ.

1957ರಲ್ಲಿ ಅಖಿಲ ಭಾರತ ಸಮನ್ವಿತ ಮೆಕ್ಕೆಜೋಳ ಸುಧಾರಣಾ ಯೋಜನೆ ಆರಂಭವಾಗಿ, 1961ರಲ್ಲಿ ಗಂಗಾ, ಡೆಕ್ಕನ್ ಮೊದಲಾದ ಸಂಕರಣ ತಳಿಗಳು, ಅಂದರೆ ಭಿನ್ನ ಶುದ್ಧ ವಂಶಗಳನ್ನು ಕೂಡಿಸಿ ಪಡೆದ ಬೀಜಗಳು, ಬಿಡುಗಡೆಯಾದವು. ಇಂಥ ಬೀಜದ ಹುರುಪು ಮೊದಲ ಪೀಳಿಗೆಯಲ್ಲಿ ಮಾತ್ರ ಪೂರ್ಣವಾಗಿದ್ದು, ಅದರ ಕಾಳನ್ನೇ ಮತ್ತೆ ಬಿತ್ತಿದರೆ ಇಳುವರಿ ಕುಗ್ಗುವುದರಿಂದ, ಒಳ್ಳೆಯ ತೆನೆಗಳನ್ನಾರಿಸಿ ಮುಂದಿನ ಮುಂಗಾರಿಗೆ ಕಾದಿಡುವ ಪದ್ಧತಿ ಹಿಂದೆ ಸರಿದು, ರೈತ ಪ್ರತಿವರ್ಷ ಬೀಜದಂಗಡಿಯನ್ನು ಆಶ್ರಯಿಸಬೇಕಾಯಿತು. ಈ ಬೆಳೆಯ ಚರಿತ್ರೆಯಲ್ಲಿ ಇದೊಂದು ದೊಡ್ಡ ತಿರುವು. ಇಳುವರಿ ಹೆಚ್ಚಿದ್ದು ನಿಜವಾದರೂ, ಬಿತ್ತನೆಗೆ ಮೊದಲೇ ಬೀಜ, ಗೊಬ್ಬರಗಳಿಗೆ ಸಾಲ ಮಾಡುವ ಅನಿವಾರ್ಯತೆಯೂ ಅದರೊಂದಿಗೇ ಬಂದಿತು.

ಊಟಕ್ಕಿಂತ ಹೆಚ್ಚಾಗಿ ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುವ ಈ ಕಾಳಿನ ಬೆಲೆ ತೇವಾಂಶವನ್ನು ಅವಲಂಬಿಸಿದೆ. ಕಣವಿಲ್ಲದ ಸಣ್ಣ ರೈತರು ರಸ್ತೆಯ ಮೇಲೆಯೇ ಕಾಳು ಒಣಗಿಸುವಾಗ ಮಳೆ ಬಿದ್ದರೆ, ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರಜನ್ಯ ವಿಷ ಸೇರುವ ಅಪಾಯವಿದೆ.

ಈ ಬೆಳೆಗೆ ಕೀಟದ ಕಾಟವೂ ಇದೆ. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡ ಅಮೆರಿಕ ಮೂಲದ ಫಾಲ್ ಸೈನಿಕ ಹುಳು, ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಶಿವಮೊಗ್ಗದ ಹೊಲಗಳಲ್ಲಿ. ಹುಳು ಸುಳಿಯೊಳಗೆ, ಅಂದರೆ ಎಳೆಯ ಎಲೆಗಳು ಸುತ್ತಿಕೊಂಡಿರುವ ನಡುಭಾಗದಲ್ಲಿ, ಅಡಗಿ ಮೇಯುವುದರಿಂದ ಮೇಲಿಂದ ಸಿಂಪಡಿಸಿದ ಔಷಧಿ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಆದ್ದರಿಂದ ಮೊಟ್ಟೆಯ ಗುಂಪುಗಳನ್ನು ಕೈಯಿಂದ ಆರಿಸಿ ನಾಶಪಡಿಸುವ, ಸುಳಿಗೆ ಮರಳು ಹಾಕುವ ಶ್ರಮ ಕುಟುಂಬದ ಮೇಲೆಯೇ ಬಿದ್ದಿತು.