ಬಚ್ಚಲುಮನೆಯ ಹೊಗೆಗಂಡಿ ಎಲ್ಲಿ ಹೋಯಿತು?

ನಮ್ಮ ಮನೆಗಳ ಬಗ್ಗೆ ಬರೆದವರು ಜಗಲಿ, ಪಡಸಾಲೆ, ದೇವರಮನೆಗಳನ್ನು ಬಣ್ಣಿಸಿದಷ್ಟು ಬಚ್ಚಲುಮನೆಯನ್ನು ಬಣ್ಣಿಸಿಲ್ಲ. ಹಿತ್ತಿಲ ಬಾಗಿಲಿಗೆ ಹೊಂದಿಕೊಂಡು, ಮಸಿ ಹಿಡಿದ ಗೋಡೆಗಳ ನಡುವೆ ಇದ್ದ ಆ ಜಾಗ ನೆಂಟರಿಗೆ ಕರೆದು ತೋರಿಸುವಂಥದ್ದಾಗಿರಲಿಲ್ಲ. ಆದರೆ ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಮನೆಯ ಬೇರಾವ ಭಾಗವೂ ಇದರಷ್ಟು ಬದಲಾಗಿಲ್ಲ. ನಲ್ಲಿಯ ನೀರು, ವಿದ್ಯುತ್ ದೀಪ, ಕಕ್ಕಸು, ಗೀಸರು, ಅಡುಗೆ ಅನಿಲ ಇವೆಲ್ಲ ಒಂದರ ಹಿಂದೊಂದು ಈ ಪುಟ್ಟ ಕೋಣೆಗೆ ಬಂದು ಸೇರಿದವು. ಒಳಗೆ ಬಂದದ್ದನ್ನೆಲ್ಲ ನಾವು ಸಂತೋಷದಿಂದ ಬರಮಾಡಿಕೊಂಡೆವು. ಆ ಗಡಿಬಿಡಿಯಲ್ಲಿ ಹೊರಗೆ ಹೋದದ್ದು ಒಂದೇ, ಅದು ಗಾಳಿ.

ಈ ಬದಲಾವಣೆಯ ಎಲ್ಲ ಹಂತಗಳನ್ನೂ ಒಂದೇ ಸುತ್ತಿನಲ್ಲಿ ನೋಡಬೇಕೆನ್ನುವವರು ಉತ್ತರ ಬೆಂಗಳೂರಿಗೆ ಬರಬೇಕು. ಒಂದು ಕಾಲಕ್ಕೆ ನಾಡಪ್ರಭುಗಳ ನೆಲೆಯಾಗಿದ್ದ ಯಲಹಂಕ, ರೈಲು ನಿಲ್ದಾಣದ ಸುತ್ತ ಬೆಳೆದ ಯಶವಂತಪುರ, ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಆರ್.ಟಿ. ನಗರ, ಕೆರೆಯಂಚಿನಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿರುವ ಹೆಬ್ಬಾಳ ಒಂದಕ್ಕೊಂದು ಕೆಲವೇ ಮೈಲಿಗಳ ದೂರದಲ್ಲಿವೆ.

ಒಲೆ, ಹಂಡೆ, ಗವಾಕ್ಷಿ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ಬೆಳಗಿನ ಚಳಿಗೆ ಸ್ನಾನವೆಂದರೆ ಬಿಸಿನೀರಿನ ಸ್ನಾನ. ಹೀಗಾಗಿ ಹಳೆಯ ಬಚ್ಚಲುಮನೆಯ ಯಜಮಾನಿಕೆ ಒಲೆಯದು. ಮಣ್ಣಿನಿಂದಲೋ ಕಲ್ಲಿನಿಂದಲೋ ಕಟ್ಟಿದ ಒಲೆಯ ಮೇಲೆ ತಾಮ್ರದ ಹಂಡೆ ಕೂತಿರುತ್ತಿತ್ತು. ಸೌದೆ, ತೆಂಗಿನ ಗರಿ, ಕರಟ, ಕಸಕಡ್ಡಿ ಏನು ಹಾಕಿದರೂ ಉರಿಯುವ ಉದಾರ ಒಲೆ ಅದು. ಪಕ್ಕದಲ್ಲಿ ಸ್ನಾನಕ್ಕೊಂದು ಚಪ್ಪಡಿ ಕಲ್ಲು. ಮಿಂದ ನೀರು ಗೋಡೆಯ ಬುಡದ ತೂಬಿನಿಂದ ಹೊರಬಿದ್ದು ಹಿತ್ತಿಲ ಬಾಳೆಗೂ ಕೆಸುವಿಗೂ ಹೋಗುತ್ತಿತ್ತು.

ಇಷ್ಟೊಂದು ಹೊಗೆಯ ನಡುವೆ ಮನುಷ್ಯರು ಸ್ನಾನ ಮಾಡಬೇಕಾದರೆ ಹೊಗೆಗೆ ದಾರಿ ಇರಲೇಬೇಕು. ಅದಕ್ಕಾಗಿ ಮಾಡಿನ ಹತ್ತಿರ, ಗೋಡೆಯ ಮೇಲ್ತುದಿಯಲ್ಲಿ, ಗವಾಕ್ಷಿ ಬಿಡುತ್ತಿದ್ದರು. ಅದಕ್ಕೆ ಬಾಗಿಲೂ ಇಲ್ಲ, ಗಾಜೂ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು. ಹೆಂಚಿನ ಸಂದಿಗಳು ಹೊಗೆಯನ್ನು ಮೆಲ್ಲನೆ ಹೊರಬಿಡುತ್ತಿದ್ದವು. ಸಾಲಿನ ನಡುವೆ ಒಂದು ಗಾಜಿನ ಹೆಂಚು ಕೂರಿಸಿದರೆ ಹಗಲಿಗೆ ಬೆಳಕಿನ ಚಿಂತೆಯಿಲ್ಲ. ಮುಂಜಾನೆಯ ಕತ್ತಲಿಗೆ ಗೋಡೆಯ ಗೂಡಿನಲ್ಲೊಂದು ಬುಡ್ಡಿ, ಜೊತೆಗೆ ಒಲೆಯ ಉರಿ.

ಈ ಏರ್ಪಾಡನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಹೊಗೆ ಕುಡಿದು ಕೆಮ್ಮಿದವರು, ಕಣ್ಣು ಕೆಂಪಾಗಿಸಿಕೊಂಡವರು ಬಹುಪಾಲು ಹೆಂಗಸರೇ. ಆದರೆ ಆ ಹೊಗೆಗೊಂದು ಗುಣವಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ತಟ್ಟುತ್ತಿತ್ತು. ತಡೆಯಲಾರದವನು ತಾನಾಗಿಯೇ ಎದ್ದು ಹೊರಗೆ ಬರುತ್ತಿದ್ದ.

ಹೆಸರಘಟ್ಟದ ನೀರು, ಶಿವನಸಮುದ್ರದ ಬೆಳಕು

ಬೆಂಗಳೂರಿನ ನಲ್ಲಿ ನೀರಿನ ಕಥೆ ಶುರುವಾಗುವುದು ಈ ಉತ್ತರ ದಿಕ್ಕಿನಿಂದಲೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯ ಕಟ್ಟಿ, ಸೋಲದೇವನಹಳ್ಳಿಯಿಂದ ನೀರನ್ನು ಪಂಪು ಮಾಡಿ, 1896ರಲ್ಲಿ ನಗರಕ್ಕೆ ತರಲಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1898ರಲ್ಲಿ, ಪ್ಲೇಗು ಊರಿಗೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಮನೆಗಳಲ್ಲಿ ಜನ ಸತ್ತರು. ಮನೆಗೆ ಗಾಳಿ, ಬೆಳಕು, ಚರಂಡಿ ಬೇಕೆಂಬ ಪಾಠವನ್ನು ನಗರ ಆಗ ಬೆಲೆ ತೆತ್ತು ಕಲಿಯಿತು. ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳ ಅಗಲ ರಸ್ತೆ, ಮನೆಯ ಸುತ್ತಲಿನ ಖಾಲಿ ಜಾಗಗಳು ಆ ಪಾಠದ ಗುರುತುಗಳು.

ಅದೇ ಬಡಾವಣೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳೂ ಇದ್ದವು. ಕಕ್ಕಸು ಮನೆಯಿಂದ ದೂರ, ಹಿತ್ತಿಲ ಕೊನೆಯಲ್ಲಿ. ಅದನ್ನು ಬಳಿದು ಹೊರುತ್ತಿದ್ದವರು ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ದೂಡಲ್ಪಟ್ಟವರು. ಮನೆಯವರ ಶುಚಿಯ ಹೊರೆಯನ್ನು ಅವರ ತಲೆಯ ಮೇಲೆ ಹೊರಿಸಲಾಗಿತ್ತು. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಕರ್ನಾಟಕದ ಸಾಮಾಜಿಕ ಚರಿತ್ರೆಯ ದೊಡ್ಡ ಹೆಜ್ಜೆ. ಒಳಚರಂಡಿ ಬಂದ ಕಡೆ ಕಕ್ಕಸು ಹಿತ್ತಿಲಿನಿಂದ ಮನೆಯೊಳಕ್ಕೆ ಬಂತು, ಬರಬರುತ್ತ ಬಚ್ಚಲಿನ ಜೊತೆಗೇ ಕೂಡಿಕೊಂಡಿತು.

ಇತ್ತ 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೀದಿಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಬಂದ ದೀಪ ಬಚ್ಚಲನ್ನು ಮುಟ್ಟಿದ್ದು ಕೊನೆಗೆ. ಗೂಡಿನ ಬುಡ್ಡಿ ಹೋಗಿ, ಹೋಲ್ಡರಿನಿಂದ ನೇತಾಡುವ ಬಲ್ಬು ಬಂತು. ಹೊಗೆಯ ಮಸಿ ಹಿಡಿದ ಆ ಬಲ್ಬಿನ ಬೆಳಕು ಬುಡ್ಡಿಗಿಂತ ಹೆಚ್ಚೇನೂ ಇರಲಿಲ್ಲವೆನ್ನಿ.

ಕೋಣೆ ಕುಗ್ಗಿತು, ಕಿಂಡಿ ಮುಚ್ಚಿತು

1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ನಗರಕ್ಕೆ ಬಂತು. ಮುಂದಿನ ದಶಕಗಳಲ್ಲಿ ಉತ್ತರದ ಹಳ್ಳಿಗಳು ಬಡಾವಣೆಗಳಾದವು. ಗೃಹಮಂಡಳಿಯ ಯಲಹಂಕ ಉಪನಗರ ಎದ್ದಿತು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರಗಳ ನಗರಸಭೆಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು. ಮೂವತ್ತು-ನಲವತ್ತರ ನಿವೇಶನದಲ್ಲಿ ಮೂರು, ನಾಲ್ಕು ಮಹಡಿ ಏರಿಸಿ, ಮಹಡಿಗೆರಡು ಬಾಡಿಗೆ ಮನೆ ಮಾಡುವ ಕಟ್ಟಡ ಶೈಲಿ ರೂಢಿಗೆ ಬಂತು.

ಇಂಥ ಮನೆಯಲ್ಲಿ ಬಚ್ಚಲಿಗೆ ಸಿಗುವುದು ಉಳಿದದ್ದರಲ್ಲಿ ಉಳಿದ ಜಾಗ. ಆರ್‌ಸಿಸಿ ಸೂರಿನಲ್ಲಿ ಸಂದಿಯಿಲ್ಲ, ಗಾಜಿನ ಹೆಂಚಿಗೆ ಎಡೆಯಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಹೊರಬಂದು ಹಲವು ಬಾರಿ ಪರಿಷ್ಕೃತವಾಗಿದೆ. ಸ್ನಾನ-ಶೌಚ ಎರಡೂ ಕೂಡಿರುವ ಕೋಣೆ ಕನಿಷ್ಠ 2.8 ಚದರ ಮೀಟರ್, ಅಂದರೆ ಸುಮಾರು 30 ಚದರ ಅಡಿ ಇರಬೇಕು, ಹೊರಗಿನ ಗಾಳಿಗೆ ತೆರೆಯುವ ಕಿಂಡಿ 0.37 ಚದರ ಮೀಟರ್, ಅಂದರೆ ಸುಮಾರು 4 ಚದರ ಅಡಿ ಇರಬೇಕು ಎಂಬುದು ಅದರ ಲೆಕ್ಕ. ನಕ್ಷೆಯಲ್ಲಿ ಈ ಕಿಂಡಿ ಇರುತ್ತದೆ. ಆದರೆ ಪಕ್ಕದ ನಿವೇಶನದವರು ಮನೆ ಕಟ್ಟಿದ ದಿನ ಅದರೆದುರು ಒಂದು ಗೋಡೆ ನಿಲ್ಲುತ್ತದೆ. ಸೊಳ್ಳೆಗೆಂದು ಒಬ್ಬರು ಗಾಜು ಜಡಿಯುತ್ತಾರೆ, ಚಳಿಗೆಂದು ಇನ್ನೊಬ್ಬರು ರಟ್ಟು ಸಿಕ್ಕಿಸುತ್ತಾರೆ.

ಒಲೆ ಹೋದ ಮೇಲೆ ಕಿಂಡಿಯೇಕೆ ಎಂಬ ವಾದದಲ್ಲಿ ಒಂದಿಷ್ಟು ತರ್ಕವಿದೆ. ಹಂಡೆಯ ನಂತರ ನಡುವೆ ಕೊಳವೆಯಿದ್ದ ತಾಮ್ರದ ಬಾಯ್ಲರ್ ಬಂತು, ಆಮೇಲೆ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಬಂತು, ಆಮೇಲೆ ವಿದ್ಯುತ್ ಗೀಸರು. ವಿದ್ಯುತ್ತಿಗೆ ಹೊಗೆಯಿಲ್ಲ. ಸೂರಿನ ಮೇಲಿನ ಸೌರ ಹೀಟರಿಗಂತೂ ಮೊದಲೇ ಇಲ್ಲ. ಕಿಂಡಿ ಮುಚ್ಚಿದರೆ ಹಬೆ ನಿಂತು ಸುಣ್ಣ ಉದುರೀತು, ಬೂಷ್ಟು ಹಿಡಿದೀತು, ಅಷ್ಟೇ. ಆದರೆ ಆ ಮುಚ್ಚಿದ ಕೋಣೆಗೆ ಬೆಂಕಿ ಇನ್ನೊಂದು ವೇಷದಲ್ಲಿ ಮರಳಿ ಬಂತು. ಅದೇ ಗ್ಯಾಸ್ ಗೀಸರ್.

ಕಾಣದ ಹೊಗೆ

ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ, ಬಿಲ್ಲಿಗೆ ಹೆದರುವ ಮನೆಗಳಲ್ಲಿ ಗ್ಯಾಸ್ ಗೀಸರಿಗೆ ಆಕರ್ಷಣೆ ಸಹಜ. ನಲ್ಲಿ ತಿರುಗಿಸಿದೊಡನೆ ಬಿಸಿನೀರು. ಆದರೆ ಅದೂ ಒಂದು ಒಲೆಯೇ. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರು ಸತತವಾಗಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಅನಿಲ ಬೇಕು. ಒಂದು ಕಿಲೋ ಅನಿಲ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಕಾಲು ಗಂಟೆಯ ಸ್ನಾನಕ್ಕೆ 3 ಘನ ಮೀಟರ್ ಆಯಿತು. ನಮ್ಮ 2.8 ಚದರ ಮೀಟರಿನ ಕೋಣೆಗೆ ಎಂಟಡಿ ಎತ್ತರವೆಂದರೆ ಒಳಗಿರುವ ಗಾಳಿಯೇ 7 ಘನ ಮೀಟರಿಗಿಂತ ಕಡಿಮೆ. ಒಬ್ಬರು ಸ್ನಾನ ಮುಗಿಸುವಷ್ಟರಲ್ಲಿ ಗೀಸರು ಕೋಣೆಯ ಅರ್ಧಕ್ಕೆ ಸಮೀಪದ ಗಾಳಿಯನ್ನು ಬೇಡುತ್ತದೆ. ಒಬ್ಬರ ಹಿಂದೊಬ್ಬರು ಹೋದರೆ ಎರಡನೆಯವರ ಪಾಡನ್ನು ಊಹಿಸಬಹುದು.

ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ಅರೆಬರೆ ಉರಿಯುತ್ತದೆ. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ಕೈಕಾಲಿನಲ್ಲಿ ಸೋಲು. ಅಪಾಯ ತಿಳಿಯುವ ಹೊತ್ತಿಗೆ ಚಿಲಕದವರೆಗೆ ಕೈ ಎತ್ತುವ ಶಕ್ತಿ ಉಳಿದಿರುವುದಿಲ್ಲ. ಬೆಂಗಳೂರಿನಲ್ಲಿ ಬಚ್ಚಲ ಬಾಗಿಲು ಒಡೆದು ಹೆಣ ಹೊರತೆಗೆದ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಹಳೆಯ ಹೊಗೆ ಮನುಷ್ಯನನ್ನು ಅಳಿಸಿ ಹೊರಗಟ್ಟುತ್ತಿತ್ತು, ಈ ಹೊಗೆ ಒಳಗೇ ಮಲಗಿಸುತ್ತದೆ.

ಬಚ್ಚಲಿನಲ್ಲಿ ಬಿದ್ದವರ ವಿಷಯದಲ್ಲಿ ಕರ್ನಾಟಕದ ವೈದ್ಯರಿಗೆ ಇನ್ನೊಂದು ತೊಡಕೂ ಇದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಕೆಲವರಿಗೆ ಅಪಸ್ಮಾರ ಬರುತ್ತದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿಯೇ ಇದನ್ನು ವಿವರಿಸಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ತಂಬಿಗೆ ತಂಬಿಗೆಯಾಗಿ ಸುಡುನೀರನ್ನು ನೆತ್ತಿಗೆ ಸುರಿದುಕೊಳ್ಳುವ ನಮ್ಮ ಅಭ್ಯಂಜನದ ರೀತಿಗೂ ಈ ಕಾಯಿಲೆಗೂ ಸಂಬಂಧವಿದೆ. ಎಲ್ಲ ಮೂರ್ಛೆಯೂ ಗಾಳಿಯ ದೋಷವಲ್ಲ, ಎಲ್ಲವೂ ಅಪಸ್ಮಾರವೂ ಅಲ್ಲ. ಆದ್ದರಿಂದ ಸ್ನಾನ ಮಾಡುತ್ತ ಬಿದ್ದವರನ್ನು ಆಸ್ಪತ್ರೆಗೆ ಒಯ್ದವರು ನೀರು ಎಷ್ಟು ಬಿಸಿಯಿತ್ತು, ಮನೆಯಲ್ಲಿರುವುದು ಯಾವ ಗೀಸರು ಎಂಬೆರಡನ್ನೂ ವೈದ್ಯರಿಗೆ ಹೇಳಬೇಕು.

ನೆಲ ಮುಟ್ಟದ ತಂತಿ

ವಿದ್ಯುತ್ ಗೀಸರಿಗೆ ಹೊಗೆಯಿಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. 2 ಕಿಲೋವಾಟಿನ ಗೀಸರು 230 ವೋಲ್ಟಿನಲ್ಲಿ 9 ಆಂಪಿಯರಿನಷ್ಟು ಕರೆಂಟು ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪ್ಲಗ್ಗು, ತಕ್ಕ ದಪ್ಪದ ತಂತಿ ಬೇಕು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಒಳಗಿನ ಕಾಯಿಲಿಗೆ ಸುಣ್ಣದ ಪದರ ಕಟ್ಟುತ್ತದೆ. ಕಾಯಿಲು ಮಿತಿಮೀರಿ ಕಾದು ಬಿರುಕುಬಿಟ್ಟರೆ ವಿದ್ಯುತ್ತು ನೀರಿಗಿಳಿಯುತ್ತದೆ. ಆಗ ಮನುಷ್ಯನನ್ನು ಕಾಯುವುದು ಅರ್ಥ್ ತಂತಿ.

ಈ ತಂತಿಗೂ ಒಂದು ಚರಿತ್ರೆಯಿದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಕೊಳವೆ ಹೂತು ಅರ್ಥಿಂಗ್ ಮಾಡುವುದು ಕ್ರಮ. ಕೆಲವು ಹಳೆಯ ಮನೆಗಳಲ್ಲಿ ಆ ಶ್ರಮ ಬೇಡವೆಂದು ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೇ ಕಟ್ಟುತ್ತಿದ್ದರು. ಪೈಪು ನೆಲದಲ್ಲಿ ಹುದುಗಿರುತ್ತಿದ್ದುದರಿಂದ ಹೇಗೋ ನಡೆಯಿತು. ಆಮೇಲೆ ತುಕ್ಕು ಹಿಡಿದ ಪೈಪು ತೆಗೆದು ಪಿವಿಸಿ ಹಾಕಿಸಿದರು. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಪ್ಲಂಬರು ತನ್ನ ಕೆಲಸ ಸರಿಯಾಗಿಯೇ ಮಾಡಿದ, ಅರ್ಥಿಂಗ್ ಮಾತ್ರ ಯಾರಿಗೂ ತಿಳಿಯದೆ ಕಡಿದುಹೋಯಿತು. ಹಳೆಯ ಮನೆಯಲ್ಲಿರುವವರು ಒಮ್ಮೆ ಎಲೆಕ್ಟ್ರಿಷಿಯನ್ನನ ಕೈಯಲ್ಲಿ ಪರೀಕ್ಷೆ ಮಾಡಿಸುವುದು ಇದಕ್ಕಾಗಿ. ಜೊತೆಗೆ 30 ಮಿಲಿಆಂಪಿಯರಿನಷ್ಟು ಸೋರಿಕೆಯಾದರೂ ತಕ್ಷಣ ಕರೆಂಟು ಕಡಿಯುವ ಆರ್‌ಸಿಸಿಬಿ ಇರಬೇಕು. ಬಲ್ಬಿನ ಮತ್ತು ಗೀಸರಿನ ಸ್ವಿಚ್ಚು ಒದ್ದೆ ಕೈಗೆ ಎಟುಕದಂತೆ ಬಾಗಿಲಾಚೆ ಇರಬೇಕು. ದೀಪಕ್ಕೆ ಹಬೆ ಹೊಗದ ಗಾಜಿನ ಮುಚ್ಚಳವಿರಬೇಕು.

ನೀರು ತುಂಬುವ ಹಬ್ಬದ ದಿನ

ಬಚ್ಚಲುಮನೆಯ ನಿಗಾಕ್ಕೆಂದೇ ನಮ್ಮ ಹಿರಿಯರು ಒಂದು ದಿನವಿಟ್ಟಿದ್ದರು. ಅದು ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬ. ಒಲೆಯ ಬೂದಿ ತೆಗೆದು, ಮಸಿ ಗುಡಿಸಿ, ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಅದಕ್ಕೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಿದ್ದರು. ಪೂಜೆಯ ನೆಪದಲ್ಲಿ ವರ್ಷಕ್ಕೊಮ್ಮೆ ತೂಬು, ಒಲೆ, ಗವಾಕ್ಷಿಗಳೆಲ್ಲ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿದ್ದವು.

ಹಂಡೆಯಿಲ್ಲದ ಮನೆಯಲ್ಲೂ ಆ ಸಂಜೆ ಬರುತ್ತದೆ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿದರೆ ಕರೆಂಟು ಹೋಗುವುದೇ? ತಿಂಗಳಿಗೊಮ್ಮೆ ನೋಡಬೇಕಾದ್ದನ್ನು ಅಂದಾದರೂ ನೋಡಬಹುದು. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯ ಜಿಡ್ಡು ಒರೆಸಿದ್ದೇವೆಯೇ? ಬಾಗಿಲ ಕೆಳಗೆ ಗಾಳಿ ನುಗ್ಗಲು ಎರಡು ಬೆರಳ ಸಂದಿ ಇದೆಯೇ? ಒಳಬರುವ ಗಾಳಿಯಿಲ್ಲದೆ ಫ್ಯಾನು ತಿರುಗಿ ಫಲವಿಲ್ಲ. ಗ್ಯಾಸ್ ಗೀಸರಿದ್ದರೆ ಅದು ಬಚ್ಚಲಿನ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿದೆಯೇ? ಒಳಗಿದ್ದರೆ ಫ್ಯಾನು ಹಾಕಿಸಿ ಸಮಾಧಾನಪಡುವಂತಿಲ್ಲ, ಅದನ್ನು ಹೊರಗೆ ಸಾಗಿಸುವುದೊಂದೇ ದಾರಿ.

ಇಲ್ಲೊಂದು ತೊಡಕಿದೆ. ಯಲಹಂಕದಿಂದ ಯಶವಂತಪುರದವರೆಗೆ ಸಾವಿರಾರು ಮನೆಗಳಲ್ಲಿ ಸ್ನಾನ ಮಾಡುವವರು ಬಾಡಿಗೆದಾರರು, ಗೋಡೆ ಮಾಲೀಕರದು. ಕಿಂಡಿ ಕೊರೆಯುವ ಅಧಿಕಾರ ಮೊದಲಿನವರಿಗಿಲ್ಲ, ಅದರ ಅಗತ್ಯ ಎರಡನೆಯವರಿಗೆ ಕಾಣುವುದಿಲ್ಲ. ಮನೆ ನೋಡಲು ಹೋದಾಗ ಅಡ್ವಾನ್ಸ್ ಎಷ್ಟು, ಕಾವೇರಿ ನೀರು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಬಚ್ಚಲಿನ ಕಿಂಡಿ ಎಲ್ಲಿಗೆ ತೆರೆಯುತ್ತದೆ ಎಂಬ ಪ್ರಶ್ನೆಯೂ ಆ ಸಾಲಿಗೆ ಸೇರಲಿ. ಕೀಲಿಕೈ ಪಡೆಯುವ ಮುನ್ನ ಕೇಳಿದರೆ ಅದಕ್ಕೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು.